ಬಿಡು ಎಂದವನು ನಾನೇ

ಮರದ ಮೇಲಿರುವವನು ಕೆಳಗಿರುವವರಿಗೆ ಹೇಳುವ ಮಾತು ಎರಡೇ. ಒಂದು ‘ಹಿಡಿ’, ಇನ್ನೊಂದು ‘ಬಿಡು’. ಕತ್ತರಿಸಿದ ಕೊಂಬೆ ಹಗ್ಗದಲ್ಲಿ ನೇತಾಡುತ್ತಿರುವಾಗ ಮೂರನೆಯ ಮಾತು ಆಡಬಾರದು. ಕೆಮ್ಮು ಬಂದರೂ ತಡೆದುಕೊಳ್ಳಬೇಕು ಎಂದು ನನಗೆ ಕೆಲಸ ಕಲಿಸಿದವರು ಹೇಳುತ್ತಿದ್ದರು. ಹೊಸಬರಿಗೆ ನಾನೂ ಹಾಗೆಯೇ ಹೇಳಿಕೊಟ್ಟಿದ್ದೇನೆ. ನನ್ನಿಂದ ಕಲಿತವರಲ್ಲಿ ನನ್ನ ತಂಗಿಯೂ ಒಬ್ಬಳು.

ನಮ್ಮದು ಆನೇಕಲ್ ಕಡೆಯ ಹಳ್ಳಿ. ಜಿಗಣಿಯ ಕಾರ್ಖಾನೆಗಳು ನಮ್ಮೂರ ಬಾಗಿಲ ತನಕ ಬರುವುದಕ್ಕೆ ಮುಂಚೆ ಸುತ್ತಲೂ ನೀಲಗಿರಿ ತೋಪುಗಳಿದ್ದವು. ಅಪ್ಪ ನೀಲಗಿರಿ ಕಡಿಯುವ ಗುಂಪಿನಲ್ಲಿದ್ದ. ಅಮ್ಮ ಕಡಿದ ಮರದ ತೊಗಟೆ ಸುಲಿಯುವ ಗುಂಪಿನಲ್ಲಿದ್ದಳು. ಗಂಡಸರು ಕಡಿಯುವುದು, ಹೆಂಗಸರು ಸುಲಿಯುವುದು. ಯಾಕೆ ಹಾಗೆ ಎಂದು ಕೇಳಿದವರಿಲ್ಲ, ಹೇಳಿದವರೂ ಇಲ್ಲ. ಅಮ್ಮನ ಸೀರೆಗೆ ಯಾವಾಗಲೂ ನೀಲಗಿರಿ ಎಣ್ಣೆಯ ವಾಸನೆ. ನೆಗಡಿಯಾದಾಗ ನಾನೂ ತಂಗಿಯೂ ಆ ಸೆರಗಿಗೆ ಮೂಗು ಒತ್ತಿಕೊಂಡು ಮಲಗುತ್ತಿದ್ದೆವು. ತೋಪಿನ ಅಂಚಿನಲ್ಲಿ ಒಂದು ಹುಣಸೆಮರವಿತ್ತು. ಅದರ ತುದಿಗೆ ನನಗಿಂತ ಮೊದಲು ಹತ್ತುತ್ತಿದ್ದವಳು ತಂಗಿ. ಬೈಸಿಕೊಳ್ಳುತ್ತಿದ್ದವಳೂ ಅವಳೇ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ತೋಪುಗಳು ಲೇಔಟುಗಳಾದವು, ಅಪ್ಪ ಹೋದ. ಈಗ ನಮ್ಮ ಕಡೆ ದೊಡ್ಡ ಮರಗಳಿರುವುದು ಕಂಪನಿಗಳ ಕಾಂಪೌಂಡಿನೊಳಗೆ. ವೈಟ್‌ಫೀಲ್ಡ್, ಮಹದೇವಪುರ, ಎಲೆಕ್ಟ್ರಾನಿಕ್ ಸಿಟಿ, ಎಲ್ಲಿ ನೋಡಿದರೂ ಗಾಜಿನ ಕಟ್ಟಡ, ಅದರ ಪಕ್ಕ ಮಳೆಮರ, ಗುಲ್‌ಮೊಹರ್, ಸಿಲ್ವರ್ ಓಕ್. ಗಾಳಿಮಳೆಗೆ ಕೊಂಬೆ ಮುರಿದು ಗಾಜಿನ ಮೇಲೋ ಕಾರಿನ ಮೇಲೋ ಬೀಳದ ಹಾಗೆ ಮೊದಲೇ ಕಡಿಸುತ್ತಾರೆ. ಆ ಕೆಲಸ ಹಿಡಿಯುವ ಕಂಟ್ರಾಕ್ಟರೊಬ್ಬರ ಗುಂಪಿನಲ್ಲಿ ನಾನು ಮರ ಹತ್ತುವವನಾದೆ. ಅಮ್ಮನ ಜೊತೆ ತೊಗಟೆ ಸುಲಿಯುತ್ತಿದ್ದ ನಮ್ಮೂರಿನ ಹೆಂಗಸೊಬ್ಬರು ಅಲ್ಲಿ ಕೊಂಬೆ ಎಳೆದು ಲಾರಿಗೆ ತುಂಬಿ, ನೆಲ ಗುಡಿಸುತ್ತಿದ್ದರು. ಎಲ್ಲರೂ ಅವರನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದೆವು. ಯಾದಗಿರಿ ಕಡೆಯಿಂದ ಬಂದು ಮಹದೇವಪುರದಲ್ಲಿ ರೂಮು ಮಾಡಿಕೊಂಡಿದ್ದ ಒಬ್ಬನಿದ್ದ. ವಯಸ್ಸಿನಲ್ಲಿ ನಮಗೆಲ್ಲ ದೊಡ್ಡವನು, ಬಾಯಿ ಸುಮ್ಮನಿರದವನು. ಅವನು ಎಲ್ಲರಿಗೂ ಕಾಕಾ.

ತಂಗಿ ಹತ್ತನೇ ಕ್ಲಾಸು ಮುಗಿಸಿ, ಗಾರ್ಮೆಂಟ್ಸಿನಲ್ಲಿ ಕೆಲವು ಕಾಲ ಕೂತು, ಉಸಿರು ಕಟ್ಟುತ್ತದೆಂದು ಬಿಟ್ಟು, ನಮ್ಮ ಗುಂಪಿಗೆ ಬಂದಳು. ಮೊದಲು ಅವಳಿಗೂ ಪೊರಕೆಯೇ. ಒಂದು ದಿನ ನಮ್ಮ ಹಗ್ಗದವನು ಕ್ಯಾಬ್ ಓಡಿಸಲು ಹೋಗಿಬಿಟ್ಟ. ಬೇರೆ ಗಂಡಾಳು ಸಿಗಲಿಲ್ಲ. ಹಗ್ಗವನ್ನು ಅವಳ ಕೈಗೆ ಕೊಟ್ಟವನು ನಾನೇ. ಇದನ್ನು ನನ್ನ ದೊಡ್ಡತನ ಎಂದು ಹೇಳುತ್ತಿಲ್ಲ. ಮುಂದೆ ಆದದ್ದು ಗೊತ್ತಾಗಬೇಕಾದರೆ ಇದೂ ಗೊತ್ತಿರಬೇಕು.

ಹಗ್ಗದ ಕೆಲಸ ಹೀಗೆ. ಕಡಿಯಬೇಕಾದ ಕೊಂಬೆಗೆ ಹಗ್ಗ ಕಟ್ಟಿ, ಅದನ್ನು ಮೇಲಿನ ಕವಲಿನ ಮೇಲೆ ಹಾಯಿಸಿ ಕೆಳಗೆ ಇಳಿಬಿಡುತ್ತೇನೆ. ಕೆಳಗಿನವರು ಅದನ್ನು ಬುಡಕ್ಕೆ ಸುತ್ತು ಹಾಕಿ ಹಿಡಿದಿರುತ್ತಾರೆ. ನಾನು ಕಡಿದಾಗ ಕೊಂಬೆ ನೆಲಕ್ಕೆ ಬೀಳದೆ ಗಾಳಿಯಲ್ಲಿ ತೂಗುತ್ತದೆ. ಇನ್ನೊಬ್ಬರು ಎರಡನೆಯ ಹಗ್ಗದಿಂದ ಅದನ್ನು ಗೋಡೆಯಿಂದಲೋ ಶೆಡ್ಡಿನಿಂದಲೋ ಆಚೆಗೆ ಎಳೆದ ಮೇಲೆ ನಾನು ‘ಬಿಡು’ ಎನ್ನುತ್ತೇನೆ. ಮೊದಲು ಸರ್ರನೆ ಬಿಟ್ಟು, ಆಳೆತ್ತರಕ್ಕೆ ಬಂದಾಗ ಬಿಗಿಹಿಡಿಯುವುದು ಪದ್ಧತಿ. ತಂಗಿ ಅದನ್ನು ಬೇಗ ಕಲಿತಳು. ತೋಳಿನಲ್ಲಿ ಬಲ ಬೇಕು ಎನ್ನುತ್ತಿದ್ದವರಿಗೆ, “ಭಾರ ತೋಳ್ ಮೇಲ್ ಬರಲ್ಲ, ಸುತ್ತಿನ್ ಮೇಲ್ ಬರುತ್ತೆ” ಎಂದು ನಗುತ್ತಿದ್ದಳು. ದೊಡ್ಡಕ್ಕನಿಗೂ ಹೇಳಿಕೊಟ್ಟಳು. ಇಬ್ಬರೂ ಸರದಿ ಹಾಕಿಕೊಂಡು ಹಗ್ಗ ಹಿಡಿಯುತ್ತಿದ್ದರು. ಹಗ್ಗ ಹಿಡಿದ ದಿನ ದೊಡ್ಡಕ್ಕ ಊಟಕ್ಕೆ ನಮ್ಮ ಪಕ್ಕ, ಮರದ ನೆರಳಿನಲ್ಲೇ ಕೂರುತ್ತಿದ್ದರು. ಬೇರೆ ದಿನ ಲಾರಿಯ ಆಚೆಗೆ.

ಒಂದು ಮಧ್ಯಾಹ್ನ ವೈಟ್‌ಫೀಲ್ಡಿನ ಕಂಪನಿಯೊಂದರ ಆವರಣದಲ್ಲಿ, ಗಾಳಿಪಟದ ದಾರಕ್ಕೆ ಸಿಕ್ಕಿಕೊಂಡು ಹದ್ದೊಂದು ಮಳೆಮರದ ತುದಿಯಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತು. ನಾವು ಗಂಡಸರು ಊಟ ಮುಗಿಸಿ ನೋಡೋಣವೆಂದುಕೊಂಡೆವು. ತಂಗಿ ಚಪ್ಪಲಿ ಬಿಟ್ಟು ಹತ್ತೇಬಿಟ್ಟಳು. ದುಪಟ್ಟಾದಲ್ಲಿ ಹದ್ದನ್ನು ಸುತ್ತಿಕೊಂಡು ಇಳಿದು ಬರುವಷ್ಟರಲ್ಲಿ ಕಂಪನಿಯ ಮೇಡಂ ಬುಡದಲ್ಲಿ ನಿಂತಿದ್ದರು. ಆವರಣದ ಮರ, ನೀರು, ಸೆಕ್ಯುರಿಟಿ ಎಲ್ಲ ಅವರ ಕೈಕೆಳಗೇ ಇತ್ತು.

“ಬೆಲ್ಟ್ ಇಲ್ಲದೆ ಹತ್ತಿದೀಯಲ್ಲ, ಬುದ್ಧಿ ಇದ್ಯಾ ನಿಂಗೆ?” ಎಂದು ಬೈದರು. ಆಮೇಲೆ ಕೇಳಿದರು, “ಇಷ್ಟು ಚೆನ್ನಾಗ್ ಹತ್ತೋಳು ಕೆಳಗ್ಯಾಕ್ ನಿಂತಿರ್ತೀಯ?”

“ಮೇಲೆ ನಮ್ಮಣ್ಣ ಇದ್ದಾನಲ್ಲ ಮೇಡಂ” ಎಂದಳು ತಂಗಿ.

ಎಲ್ಲರೂ ನಕ್ಕರು. ನಾನೂ ನಕ್ಕೆ.

ಸ್ವಲ್ಪ ದಿನದಲ್ಲೇ ಕಂಟ್ರಾಕ್ಟರು ಸುದ್ದಿ ತಂದರು. ಇನ್ನು ಮುಂದೆ ಮರ ಹತ್ತುವವರಿಗೆ ಟ್ರೇನಿಂಗ್ ಆಗಿರಬೇಕು, ಪ್ರತಿ ಗುಂಪಿನಿಂದ ಒಬ್ಬರನ್ನು ಕಳಿಸಬೇಕು ಎಂದು ಕಂಪನಿ ಹೇಳಿದೆ. ನಮ್ಮ ಗುಂಪಿನಿಂದ ಹದ್ದು ಇಳಿಸಿದ ಹುಡುಗಿಯನ್ನೇ ಕಳಿಸಿ ಎಂದು ಮೇಡಂ ಕೇಳಿದ್ದಾರೆ. ಕಂಟ್ರಾಕ್ಟರು ತಲೆ ಕೆರೆದುಕೊಂಡು ನನ್ನ ಮುಖ ನೋಡಿದರು. ನಾನು ಹಗ್ಗ ಸುತ್ತಿಡತೊಡಗಿದೆ. ತಂಗಿ ಮಾತ್ರ ಅವತ್ತಿನಿಂದ ಮನೆಯ ಕಿಟಕಿ ಸರಳಿಗೆ ದಾರ ಕಟ್ಟಿಕೊಂಡು ಗಂಟು ಹಾಕುವುದು, ಬಿಚ್ಚುವುದು. ಅಮ್ಮ “ಮದ್ವೆ ಗಂಟು ಆಕ್ಸೋ ವಯಸ್ನಾಗೆ ಇದೇನ್ ಗಂಟೇ ನಿಂದು” ಎಂದರೆ, “ಇದು ಬಿಚ್ಚಕ್ ಬರುತ್ತೆ ಕಣಮ್ಮ” ಎನ್ನುತ್ತಿದ್ದಳು. ದಿನಾ ನನ್ನ ಗಾಡಿಯ ಹಿಂದೆ ಕೂತು ಕೆಲಸಕ್ಕೆ ಬರುವಾಗ ದಾರಿಯುದ್ದಕ್ಕೂ ಅದೇ ಮಾತು. ಮೇಲೆ ಕಾಲು ಸೋತರೆ ಏನು ಮಾಡ್ತೀಯಣ್ಣ, ಕೊಂಬೆ ಕೊಯ್ಯೋ ಮಿಷನ್ ಯಾವ ಕೈಲಿ ಹಿಡಿಯೋದಣ್ಣ. ನಾನು ಹೆಲ್ಮೆಟ್ಟಿನೊಳಗೆ ಕೇಳಿಸದವನ ಹಾಗೆ ಗಾಡಿ ಓಡಿಸುತ್ತಿದ್ದೆ.

ಹೊಟ್ಟೆಕಿಚ್ಚು ಎಂದು ಈಗ ಬರೆಯಬಲ್ಲೆ. ಆಗ ಅದಕ್ಕೆ ನಾನು ಬೇರೆ ಹೆಸರುಗಳನ್ನಿಟ್ಟಿದ್ದೆ. ಬಿದ್ದರೆ ಏನು ಗತಿ, ನಾಳೆ ಮದುವೆಗೆ ಕೇಳುವವರು ಏನಂದಾರು ಎಂದೆಲ್ಲ. ನಿಜ ಹೇಳಬೇಕೆಂದರೆ, ಊರಿನಲ್ಲಿ ನನಗಿದ್ದದ್ದು ಅದೊಂದೇ ಹೆಗ್ಗಳಿಕೆ. ಓದಿಲ್ಲ, ಜಮೀನಿಲ್ಲ, ಆದರೆ ಮರ ಹತ್ತುತ್ತಾನೆ. ಅದನ್ನು ತಂಗಿಯೂ ಮಾಡಬಲ್ಲಳು ಎಂದಾದರೆ ನನ್ನಲ್ಲಿ ಏನು ಉಳಿಯಿತು?

ಆ ದಿನ ನಾವು ಅದೇ ಕಂಪನಿಯ ಹಿಂಬದಿಯಲ್ಲಿ, ಸೆಕ್ಯುರಿಟಿ ಶೆಡ್ಡಿನ ಮೇಲೆ ಚಾಚಿದ್ದ ಗುಲ್‌ಮೊಹರ್ ಕೊಂಬೆ ತೆಗೆಯುತ್ತಿದ್ದೆವು. ಕೊಂಬೆ ಕಡಿದಾಗಿತ್ತು. ಹಗ್ಗದಲ್ಲಿ ತೂಗುತ್ತಿತ್ತು. ಹಗ್ಗ ತಂಗಿಯ ಕೈಯಲ್ಲಿ. ಕಾಕಾ ಎರಡನೆಯ ಹಗ್ಗ ಹಿಡಿಯಲು ಕೊಂಬೆಯ ಕೆಳಗಿನಿಂದ ಆ ಬದಿಗೆ ದಾಟುತ್ತಿದ್ದ. ನಾನು ಏನೂ ಅನ್ನದೆ ಯಾರೂ ಹಗ್ಗ ಬಿಡುವುದಿಲ್ಲವಲ್ಲ, ಹಾಗಾಗಿ ದಾಟುವುದು ರೂಢಿ. ದಾಟುವವನು ಸುಮ್ಮನೆ ದಾಟಲಿಲ್ಲ. ನಡುವೆ ನಿಂತು ತಲೆಯೆತ್ತಿ ಕೂಗಿದ.

“ತಮ್ಮಾ, ನಿನ್ನ ತಂಗಿ ಟ್ರೇನಿಂಗಿಗೆ ಹೊಂಟಾಳಂತಲ್ಲೊ! ಇನ್ನ ಆಕಿ ಮ್ಯಾಲ, ನೀ ಕೆಳಗ ಕಸಬರಗಿ ಹಿಡಕೊಂಡು ನಿಂದ್ರು!”

ಲಾರಿಯ ಹತ್ತಿರದಿಂದ ದೊಡ್ಡಕ್ಕ, “ನಿಂಗ್ಯಾಕಪ್ಪ ಒಟ್ಟೆ ಉರಿ? ನೀನೂ ಓಗು, ಯಾರ್ ಬ್ಯಾಡ ಅಂದ್ರು?” ಎಂದರು.

ನನ್ನ ಕೈಯಲ್ಲಿ ಮಿಷನ್ ಗುರುಗುಡುತ್ತಿತ್ತು. ಮೂರನೆಯ ಮಾತು ಆಡಬಾರದು ಎಂದು ಕಲಿಸಿದವನು ಬಾಯಿ ತೆರೆದೆ.

“ಅವ್ಳೆಲ್ ಹತ್ತಾಳೆ ಕಾಕಾ, ಮೇಡಂ ಏನೋ ತಮಾಷೆಗ್ ಅಂದವ್ರೆ, ಬಿಡು!”

ತಲೆಯೆತ್ತಿ ನಿಂತಿದ್ದ ಕಾಕಾನನ್ನು ಬಿಟ್ಟರೆ ಉಳಿದವರಿಗೆ ಮೊದಲಿನ ಮಾತೆಲ್ಲ ಮಿಷನ್ನಿನ ಸದ್ದಿನಲ್ಲಿ ಮುಳುಗಿತು. ಕಡೆಯ ಮಾತನ್ನು ನಾನು ಗಟ್ಟಿಯಾಗಿ ಅಂದಿದ್ದೆ. ಅದೊಂದು ಕೆಳಗಿಳಿಯಿತು. ಕಾಕಾ ನನಗಿಂತ ಎಷ್ಟೋ ದೊಡ್ಡವನಾದರೂ ಅವನ ಹತ್ತಿರ ನನ್ನದು ಏಕವಚನದ ಸಲಿಗೆ. ವಯಸ್ಸಿಗೆ ಮರ್ಯಾದೆ ಕೊಟ್ಟು ‘ಬಿಡಿ’ ಎಂದಿದ್ದರೆ ಅವಳು ಹಗ್ಗ ಬಿಡುತ್ತಿರಲಿಲ್ಲವೇನೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಹಗ್ಗ ಹಿಡಿದವರ ಕಣ್ಣು ಕೊಂಬೆಯ ಮೇಲಿರಬೇಕು, ಕಿವಿ ಮೇಲಿನವನ ಮೇಲೆ. ಅವಳದು ಹಾಗೆಯೇ ಇತ್ತು. ‘ಬಿಡು’ ಕೇಳಿದ ಕೂಡಲೇ ಸರ್ರನೆ ಬಿಟ್ಟಳು. ಕೊಂಬೆಯ ಕೆಳಗೆ ಕಾಕಾನ ತಲೆ ಕಂಡದ್ದು ಆಮೇಲೆ. ಓಡುತ್ತಿದ್ದ ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು. ಅಷ್ಟರಿಂದಲೇ ಕೊಂಬೆಯ ಭಾರ ತಲೆಯ ಮೇಲೆ ಪೂರ್ತಿ ಬೀಳದೆ, ಹೆಗಲಿಗೆ ಬಡಿದು ಪಕ್ಕಕ್ಕೆ ತಿರುಗಿತು. ಕಾಕಾ ಕೂಗಿದ. ತಂಗಿ ಕೂಗಲಿಲ್ಲ. ನಾನು ಇಳಿದು ಬಂದಾಗಲೂ ಹಗ್ಗ ಹಿಡಿದೇ ನಿಂತಿದ್ದಳು. ಅವಳ ಅಂಗೈ ಚರ್ಮ ಹಗ್ಗಕ್ಕೆ ಅಂಟಿತ್ತು.

ಕಾಕಾನನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಕಂಟ್ರಾಕ್ಟರು ಬಂದರು. ಮೇಡಂ ಕೂಡ ಬಂದರು.

“ಯಾರ್ ಹೇಳಿದ್ದು ಬಿಡು ಅಂತ?” ಕಂಟ್ರಾಕ್ಟರು ಕೇಳಿದರು.

ತಂಗಿ ನನ್ನ ಕಡೆ ನೋಡಿದಳು. ಆಪಾದನೆ ಹೊರಿಸುವ ನೋಟ ಅದಲ್ಲ. ಗಾಡಿಯ ಹಿಂದೆ ಕೂತು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದಳಲ್ಲ, ಹಾಗೆ.

“ನಾನ್ ಹಿಡಿ ಅಂದೆ ಸಾರ್” ಎಂದೆ. “ಇವ್ಳಿಗೆ ಬಿಡು ಅಂತ ಕೇಳಿಸ್ತೋ ಏನೋ.”

“ಏನಮ್ಮ?”

“ಹೂಂ ಸಾರ್. ನಂಗೆ ಬಿಡು ಅಂತ ಕೇಳಿಸ್ತು” ಎಂದಳು.

ಅವಳು ಸುಳ್ಳು ಹೇಳಲಿಲ್ಲ. ಆ ನಿಜವೇ ನನ್ನ ಸುಳ್ಳಿಗೆ ಸಾಕ್ಷಿಯಾಯಿತು.

“ಅದಕ್ಕೇ ಹೆಂಗಸ್ರ ಕೈಗೆ ಹಗ್ಗ ಕೊಡ್ಬೇಡ್ರೋ ಅಂತ ಬಡ್ಕೊಂಡಿದ್ದು” ಎಂದರು ಕಂಟ್ರಾಕ್ಟರು. ಮೇಡಂ ತಂಗಿಯ ಅಂಗೈ ನೋಡಿ ಒಳಗೆ ಹೋದರು. ಅವತ್ತಿನಿಂದ ಕಂಟ್ರಾಕ್ಟರ ಎಲ್ಲ ಗುಂಪಿನಲ್ಲೂ ಹಗ್ಗ ಗಂಡಸರಿಗೆ ಮಾತ್ರ. ದೊಡ್ಡಕ್ಕ ಊಟದ ಡಬ್ಬಿ ಎತ್ತಿಕೊಂಡು ಮತ್ತೆ ಲಾರಿಯ ಆಚೆಗೆ ಹೋದರು.

ಆಸ್ಪತ್ರೆಯಲ್ಲಿ ಕಾಕಾನನ್ನು ನೋಡಲು ಹೋದೆ. ಹೆಗಲಿಗೆ ಪಟ್ಟಿ ಕಟ್ಟಿದ್ದರು. ಹಣ್ಣು ಇಟ್ಟು ಕೂತೆ. ಅವನು ಅಕ್ಕಪಕ್ಕದ ಮಂಚದ ಕಡೆ ನೋಡಿ ಮೆಲ್ಲಗೆ ಹೇಳಿದ.

“ನೀ ಬಿಡು ಅಂದಿ. ನನಗ ಅಂದಿ. ನನಗ ಗೊತ್ತೈತಿ.”

ನಾನು ಹಣ್ಣಿನ ಚೀಲವನ್ನು ಮಂಚದ ಕೆಳಗೆ ಸರಿಸಿದೆ.

“ಹೆದರಬ್ಯಾಡ. ಹೇಳಂಗಿಲ್ಲ. ನಾಳೆ ನೀ ಮ್ಯಾಲ, ನಾ ಕೆಳಗ ಇರಾವ್ರು. ಗಂಡಸರು ಗಂಡಸರಿಗೆ ಇಷ್ಟೂ ಆಗಲಿಲ್ಲ ಅಂದ್ರ ಹೆಂಗ? ಆಕೀದೇನು, ಹೆಣ್ಣುಮಗಳು, ನಾಳೆ ಲಗ್ನ ಆಗಿ ಹೋಗ್ತಾಳ.”

ನನ್ನ ಬಾಯಿಗೆ ಬಲಿಯಾಗಿ ಹೆಗಲು ಮುರಿದುಕೊಂಡವನು ನನ್ನನ್ನೇ ಸಮಾಧಾನ ಮಾಡುತ್ತಿದ್ದ. ಆ ಉಪಕಾರವನ್ನು ನಾನು ತೆಗೆದುಕೊಂಡೆ. ಬೇಡ ಎನ್ನಲಿಲ್ಲ. ಗಾಡಿಯ ಕಡೆ ನಡೆಯುವಾಗ ಮೈ ಹಗುರಾಗಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮನೆಯಲ್ಲಿ ತಂಗಿ ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ಚಮಚದಲ್ಲಿ ಮುದ್ದೆ ತಿನ್ನಲು ಹೆಣಗುತ್ತಿದ್ದಳು. ಅಮ್ಮ ಅವಳ ತಲೆ ಬಾಚಿ ಜಡೆ ಹಾಕುತ್ತಿದ್ದಳು. ಕಿಟಕಿಯ ದಾರ ಹಾಗೇ ಇತ್ತು. ಬಿಚ್ಚಲು ಬೆರಳು ಮಡಿಸಬೇಕಲ್ಲ. ಒಂದು ದಿನ ಅಮ್ಮನೇ ಅದನ್ನು ಕತ್ತರಿಸಿ ತೆಗೆದಳು.

ಟ್ರೇನಿಂಗಿಗೆ ನಮ್ಮ ಗುಂಪಿನಿಂದ ನಾನು ಹೋದೆ.

ಅಲ್ಲಿ ಕಲಿಸುವವರು ಮೊದಲನೆಯ ದಿನವೇ ಹೇಳಿದರು, ಕೂಗುವ ಮುಂಚೆ ಯಾರಿಗೆ ಕೂಗುತ್ತಿದ್ದೀರೋ ಅವರನ್ನು ಕರೆಯಿರಿ, ಅವರು ಓಗೊಟ್ಟ ಮೇಲೆ ಮಾತು ಹೇಳಿ ಎಂದು. ನಿಮ್ಮಲ್ಲಿ ಯಾರಿಗಾದರೂ ಮಾತು ತಪ್ಪಿ ಅಪಘಾತವಾಗಿದೆಯೇ ಎಂದೂ ಕೇಳಿದರು. ನಾನು ಅಲ್ಲಿ ಕೊಟ್ಟಿದ್ದ ಹಳದಿ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತಾ ಕೂತೆ. ಆ ಹಳದಿ ಹೆಲ್ಮೆಟ್ಟನ್ನು ಮನೆಗೆ ತಂದಾಗ ತಂಗಿ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ತಲೆಗೆ ಹಾಕಿಕೊಳ್ಳಲಿಲ್ಲ. ಅಕ್ಕಿ ಡ್ರಮ್ಮಿನ ಮೇಲೆ ಇಟ್ಟು ಹೋದಳು.

ಕೈ ವಾಸಿಯಾದ ಮೇಲೆ ಅವಳು ಮತ್ತೆ ನಮ್ಮ ಗುಂಪಿಗೆ ಬರಲಿಲ್ಲ. ಜಿಗಣಿಯಲ್ಲಿ ಮರದ ಪ್ಯಾಲೆಟ್ ಮಾಡುವ ಯಾರ್ಡ್ ಇದೆ. ಕಾರ್ಖಾನೆಯ ಸಾಮಾನು ಇಟ್ಟು ಸಾಗಿಸುವ ಹಲಗೆಗಳು. ಅಲ್ಲಿಗೆ ಹೋದಳು. ಮೊಳೆ ಹೊಡೆಯುವ ಮಿಷನ್ ಗಂಡಸರಿಗೆ, ಹಲಗೆ ಜೋಡಿಸಿಟ್ಟು ಹೊಟ್ಟು ಗುಡಿಸುವುದು ಹೆಂಗಸರಿಗೆ. ಹೇಗಿದೆ ಎಂದು ಅಮ್ಮ ಕೇಳಿದರೆ, “ಎಲ್ಲಾ ಕಡೆ ಇದ್ದಂಗಿದೆ” ಎನ್ನುತ್ತಾಳೆ.

ನಾನು ಸುಮ್ಮನೆ ಇದ್ದುಬಿಡುತ್ತಿದ್ದೆನೇನೋ. ಆದರೆ ಕಂಟ್ರಾಕ್ಟರು ಹೊಸ ಆಳುಗಳನ್ನು ಸೇರಿಸಿಕೊಂಡಾಗಲೆಲ್ಲ ಒಂದು ಕಥೆ ಹೇಳುವುದಕ್ಕೆ ಶುರುಮಾಡಿದರು. “ನಮ್ಮಲ್ಲೊಬ್ಳಿದ್ಲು. ಕನಸು ಕಾಣ್ತಾ ಹಗ್ಗ ಬಿಟ್ಟು, ಒಬ್ಬನ್ ಹೆಗಲೇ ಮುರ್‌ದಾಕಿದ್ಲು.” ಹೊಸ ಹುಡುಗರು ತಿರುಗಿ ಪೊರಕೆ ಹಿಡಿದ ದೊಡ್ಡಕ್ಕನನ್ನು ನೋಡಿ ನಕ್ಕರು. “ಇವ್ರೇನಾ ಸಾರ್?” ಎಂದ ಒಬ್ಬ. ದೊಡ್ಡಕ್ಕ ತಲೆ ತಗ್ಗಿಸಿ ಗುಡಿಸುತ್ತಲೇ ಇದ್ದರು. ನನ್ನ ತಂಗಿ ಹೆಸರೂ ಇಲ್ಲದ ಒಂದು ಕಥೆಯಾಗಿದ್ದಳು. ಆ ಕಥೆ ಹುಟ್ಟಿಸಿದವನು ಹೆಲ್ಮೆಟ್ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದೆ.

ಆ ಭಾನುವಾರ ತಂಗಿ ತಾರಸಿಯ ಮೇಲೆ ಬಟ್ಟೆ ಒಣಗಿಹಾಕುತ್ತಿದ್ದಳು. ಹೋಗಿ ಹೇಳಿದೆ. ಬಿಡು ಅಂದದ್ದು ನಾನೇ, ಕಾಕಾನಿಗೆ ಅಂದೆ, ಸಾರ್ ಮುಂದೆ ಸುಳ್ಳು ಹೇಳಿದೆ.

ಅವಳು ಟವೆಲ್ ಒದರಿ ತಂತಿಗೆ ಹಾಕಿದಳು. “ಗೊತ್ತು ಕಣಣ್ಣ. ಕಾಕಾನ್ನ ನೋಡಕ್ ನಾನೂ ಹೋಗಿದ್ದೆ. ಯಾರ್ಗೂ ಅನ್ಬೇಡ ಅಂತ ಅವ್ರೇ ಎಲ್ಲಾ ಹೇಳಿದ್ರು.”

“ಮತ್ತೆ ಯಾಕ್ ಸುಮ್ನಿದ್ದೆ?”

“ನೀನ್ ಹೇಳ್ತೀಯ ಅಂತ.”

ಇನ್ನೊಂದು ಬಟ್ಟೆ ಹಿಂಡುತ್ತಾ ಅವಳೇ ಮುಂದುವರಿಸಿದಳು. “ಬಿಡು ಅಂದಿದ್ದು ಹೋಗ್ಲಿ, ಬಾಯ್ ತಪ್ಪಿ ಬಂತು. ‘ಅವ್ಳೆಲ್ ಹತ್ತಾಳೆ’ ಅಂದ್ಯಂತಲ್ಲ, ಅದ್ ಹೆಂಗಣ್ಣ ಅಂದೆ? ಹುಣಸೆಮರ ಮರ್ತೋಯ್ತಾ?”

ತಪ್ಪಾಯ್ತು ಎಂದೆ.

“ನಂಗೆ ಗೊತ್ತಿರೋದನ್ನ ನಂಗ್ಯಾಕ್ ಹೇಳ್ತೀಯ? ಗೊತ್ತಿಲ್ದಿರೋರ್ಗೆ ಹೇಳೋಗು” ಎಂದು ಖಾಲಿ ಬಕೆಟ್ ಎತ್ತಿಕೊಂಡು ಇಳಿದು ಹೋದಳು.

ಸೋಮವಾರ ಬೆಳಿಗ್ಗೆ ಚಹಾ ಕುಡಿಯುವಾಗ ಎಲ್ಲರ ಮುಂದೆ ಹೇಳಿದೆ. ಕಂಟ್ರಾಕ್ಟರು ಇದ್ದರು. ಹೆಗಲು ವಾಸಿಯಾಗಿ ಹಗುರ ಕೆಲಸಕ್ಕೆ ಬರುತ್ತಿದ್ದ ಕಾಕಾನೂ ಇದ್ದ. ಕಾಕಾ ಲೋಟದೊಳಗೆ ನೋಡುತ್ತಾ ನಿಂತ. ಹೊಸ ಹುಡುಗರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

“ಆಗಿದ್ದಾಯ್ತು, ಬಿಡು ಗುರು” ಎಂದರು ಕಂಟ್ರಾಕ್ಟರು. “ತಂಗಿ ಮೇಲಿನ ಪ್ರೀತಿಗೆ ಹೇಳ್ತಿದ್ದೀಯ. ಒಳ್ಳೇದು. ಕೆಲ್ಸ ನೋಡು ಈಗ.” ಫೋನ್ ಕಿವಿಗಿಟ್ಟುಕೊಂಡು ಕಾರಿನ ಕಡೆ ಹೋದರು. ನಿಜ ಹೇಳಿದರೂ ನಂಬುವುದು ಬಿಡುವುದು ಅವರಿಗೆ ಬಿಟ್ಟದ್ದು ಎಂದು ನನಗೆ ಅಲ್ಲಿಯ ತನಕ ಹೊಳೆದಿರಲಿಲ್ಲ. ಆ ಮೇಡಂ ಅಷ್ಟರಲ್ಲಿ ಬೇರೆ ಕಂಪನಿಗೆ ಹೋಗಿದ್ದರು.

ಕಾರು ಗೇಟು ದಾಟಿದ ಮೇಲೆ ದೊಡ್ಡಕ್ಕ ಪೊರಕೆಯನ್ನು ಲಾರಿಗೆ ಒರಗಿಸಿ ನೇರ ನನ್ನ ಹತ್ತಿರ ಬಂದರು. ಕೈ ಚಾಚಿದರು.

“ಅಂಗಾದ್ರೆ ಕೊಡಿಲ್ಲಿ ಅಗ್ಗಾವ.”

ಹಗ್ಗ ಹಿಡಿಯುತ್ತಿದ್ದ ಹುಡುಗ ನನ್ನ ಮುಖ ನೋಡಿದ. ನಾನು ಅವನ ಕೈಯಿಂದ ತೆಗೆದು ದೊಡ್ಡಕ್ಕನಿಗೆ ಕೊಟ್ಟೆ. ಬೆಲ್ಟ್ ಬಿಗಿದು ಹತ್ತಿದೆ. ಮೊದಲನೆಯ ಕೊಂಬೆ ಕಡಿದೆ. ಕೊಂಬೆ ತೂಗಿತು, ಕೆಳಗೆ ಯಾರೂ ಇಲ್ಲವೆಂದು ನೋಡಿಕೊಂಡು ‘ಬಿಡು’ ಎಂದೆ. ಹಗ್ಗ ಅಲ್ಲಾಡಲಿಲ್ಲ. ಮತ್ತೆ ಕೂಗಿದೆ. ದೊಡ್ಡಕ್ಕ ಕೆಳಗಿನಿಂದ ಗಂಟಲೆತ್ತಿ ಕೇಳಿದರು.

“ಯಾರಿಗಪ್ಪ ಯೋಳ್ತಿರಾದು? ನಂಗೋ, ಇನ್ಯಾರ್‌ಗಾರೋ?”

ಎಲ್ಲರೂ ನಕ್ಕರು. ಕಾಕಾ ಮುರಿದಿದ್ದ ಹೆಗಲನ್ನು ಹಿಡಿದುಕೊಂಡು ನಕ್ಕ. ನಾನು ಕೊಂಬೆಯನ್ನು ತಬ್ಬಿಕೊಂಡು, “ನಿಮಗೇ ದೊಡ್ಡಕ್ಕ, ಬಿಡಿ” ಎಂದೆ. ಆಗ ಬಿಟ್ಟರು. ಕೊಂಬೆ ಹೂವಿನಂತೆ ಇಳಿಯಿತು. ಈಗ ಕಂಟ್ರಾಕ್ಟರ ಕಾರು ಇಲ್ಲದ ದಿನ ಹಗ್ಗ ದೊಡ್ಡಕ್ಕನ ಕೈಯಲ್ಲಿ, ಕಾರು ಬಂದರೆ ಹುಡುಗನ ಕೈಯಲ್ಲಿ. ನಾನು ಸರಿಪಡಿಸಿದ್ದು ಇಷ್ಟೇ.

ಸಂಜೆ ತಂಗಿಗೆ ಇದನ್ನೆಲ್ಲ ಹೇಳಿದೆ. ದೊಡ್ಡಕ್ಕನ ಮಾತಿಗೆ ಅವಳು ಜೋರಾಗಿ ನಕ್ಕಳು. ಬಹಳ ದಿನದ ಮೇಲೆ ಆ ನಗು ಕೇಳಿದ್ದು. ಆ ಧೈರ್ಯದಿಂದ, ಮತ್ತೆ ಬಾ, ಮುಂದಿನ ಸಲ ಟ್ರೇನಿಂಗಿಗೆ ನಿನ್ನನ್ನೇ ಕಳಿಸಲು ಹೇಳುತ್ತೇನೆ, ಕೇಳದಿದ್ದರೆ ನಾನು ಹತ್ತುವುದಿಲ್ಲ ಎನ್ನುತ್ತೇನೆ ಎಂದೆ. ಡ್ರಮ್ಮಿನ ಮೇಲಿದ್ದ ಹಳದಿ ಹೆಲ್ಮೆಟ್ ತೆಗೆದು ಅವಳ ಮುಂದೆ ಇಟ್ಟೆ.

ನಗು ನಿಂತಿತು. ಅವಳು ಹೆಲ್ಮೆಟ್ಟಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನಮ್ಮ ಕಡೆ ಯಾರಾದರೂ ತಪ್ಪು ಒಪ್ಪಿಕೊಂಡು ನಿಂತರೆ ‘ಹೋಗ್ಲಿ ಬಿಡು’ ಎನ್ನುತ್ತಾರೆ. ಶತ್ರುವಿಗೂ ಅನ್ನುತ್ತಾರೆ. ಅದೊಂದು ಮಾತು ಅವಳ ಬಾಯಿಂದ ಬಂದರೆ ಸಾಕೆಂದು ಕಾಯುತ್ತಾ ನಿಂತಿದ್ದೆ.

“ಇರ್ಲಿ” ಎಂದಳು.

ಹೆಲ್ಮೆಟ್ ಇರಲಿ ಎಂದಳೋ, ಮತ್ತೆ ಬರುವ ಮಾತು ಸದ್ಯಕ್ಕೆ ಇರಲಿ ಎಂದಳೋ ಕೇಳುವ ಬಾಯಿ ನನಗಿರಲಿಲ್ಲ. ಮುದ್ದೆಗೆ ಎಸರಿಡಲು ಒಳಗೆ ಹೋದಳು. ಹೆಲ್ಮೆಟ್ ಇಟ್ಟಲ್ಲೇ ಇದೆ. ನಾನು ಈಗ ಕಂಟ್ರಾಕ್ಟರು ಕೊಟ್ಟ ಬೇರೆಯದನ್ನು ಹಾಕಿಕೊಂಡು ಕೆಲಸಕ್ಕೆ ಹೋಗುತ್ತೇನೆ.